ಚೋಕ್ ಹಾಕಿದರೆ ಮಾತ್ರ ಓಡುವ ನೂರು ಸಿಸಿ ಬೈಕ್: ಕಾರ್ಬುರೇಟರನ್ನೇ ಬದಲಿಸಬೇಕೇ?

ಪ್ರಶ್ನೆ (ಕಾಪು)

ತಂದೆಯವರು ಬಳಸುತ್ತಿದ್ದ 2006ರ ನೂರು ಸಿಸಿ ಬೈಕ್ ಈ ಮಳೆಗಾಲವಿಡೀ ಮನೆಯ ಪಕ್ಕದ ಶೀಟಿನ ಮಾಡಿನಡಿ ನಿಂತಿತ್ತು. ಈಗ ಚೋಕ್ ಹಾಕಿ ಕಿಕ್ ಹೊಡೆದರೆ ಚಾಲು ಆಗುತ್ತದೆ, ಚೋಕ್ ತೆಗೆದ ಕೂಡಲೇ ಬಂದ್ ಬೀಳುತ್ತದೆ. ಆಕ್ಸಿಲರೇಟರ್ ಹಿಡಿದುಕೊಂಡರೆ ಹೇಗೋ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಪ್ಲಗ್ ಹೊಸದು, ಏರ್ ಫಿಲ್ಟರ್ ಕೂಡ ಸ್ವಚ್ಛವಾಗಿದೆ. ಗ್ಯಾರೇಜಿನವರು ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್ ಹಾಳಾಗಿದೆ, ಹೊಸದನ್ನೇ ಹಾಕಬೇಕು ಎನ್ನುತ್ತಾರೆ. ಬಿಚ್ಚಿ ನೋಡದೆ ಹೇಳಿದ ಮಾತಾದ್ದರಿಂದ ನನಗೆ ಒಪ್ಪಿಗೆಯಾಗಿಲ್ಲ. ಮನೆಯಲ್ಲೇ ಸ್ವಚ್ಛಗೊಳಿಸಲು ಸಾಧ್ಯವೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ (ಸುರತ್ಕಲ್)

ನಮಸ್ಕಾರ. ನೀವು ಹೇಳಿದ ಲಕ್ಷಣಗಳೆಲ್ಲ ಕಾರ್ಬುರೇಟರಿನೊಳಗಿನ ಪೈಲಟ್ ಜೆಟ್, ಅಂದರೆ ನಡುವೆ ಸಣ್ಣ ರಂಧ್ರವಿರುವ ಹಿತ್ತಾಳೆಯ ತುಂಡು, ಕಟ್ಟಿಕೊಂಡಿರುವುದನ್ನೇ ಸೂಚಿಸುತ್ತವೆ. ಎಂಜಿನ್ ನಿಂತಲ್ಲೇ ನಿಧಾನವಾಗಿ ಓಡುವಾಗ ಪೆಟ್ರೋಲ್ ಬರುವುದು ಈ ಸಣ್ಣ ಜೆಟ್ಟಿನ ಮೂಲಕ. ಅದು ಮುಚ್ಚಿದ್ದರೂ ಚೋಕ್ ಹಾಕಿದಾಗ ಗಾಳಿಯ ದಾರಿ ಕಿರಿದಾಗಿ ಎಂಜಿನ್ನಿನ ಸೆಳೆತ ಹೆಚ್ಚುವುದರಿಂದ ಉಳಿದ ದಾರಿಗಳಿಂದ ಒಂದಿಷ್ಟು ಪೆಟ್ರೋಲ್ ಬಂದು ಬೈಕ್ ಜೀವ ಹಿಡಿದುಕೊಳ್ಳುತ್ತದೆ. ವೇಗದ ಓಟಕ್ಕೆ ಪೆಟ್ರೋಲ್ ಕೊಡುವ ಮೇನ್ ಜೆಟ್ ಕಟ್ಟಿದ್ದರೆ ತೊಂದರೆ ಕಾಣಿಸುತ್ತಿದ್ದುದು ವೇಗ ಹೆಚ್ಚಿಸುವಾಗ. ಆದ್ದರಿಂದ ಹೊಸ ಕಾರ್ಬುರೇಟರಿನ ಮಾತನ್ನು ಸದ್ಯಕ್ಕೆ ಬದಿಗಿಡಿ. 2020ರ ಏಪ್ರಿಲ್ 1ರಂದು ಹೊಗೆ ಮಾಲಿನ್ಯದ ಬಿಎಸ್ 6 ನಿಯಮ ಜಾರಿಗೆ ಬಂದ ಮೇಲೆ ಬಹುತೇಕ ಹೊಸ ಬೈಕುಗಳಿಗೆ ಕಾರ್ಬುರೇಟರಿನ ಬದಲು ಫ್ಯುಯೆಲ್ ಇಂಜೆಕ್ಷನ್ ಬಂದಿರುವುದರಿಂದ ಕಾರ್ಬುರೇಟರನ್ನು ಕುಳಿತು ಬಿಚ್ಚಿ ತೊಳೆಯುವ ತಾಳ್ಮೆ ಗ್ಯಾರೇಜುಗಳಲ್ಲಿ ಕಡಿಮೆಯಾಗುತ್ತಿದೆ ಎಂಬುದು ನನ್ನ ಅನಿಸಿಕೆ.

ಎಂಜಿನ್ ಪೂರ್ತಿ ತಣಿದ ಮೇಲೆ, ಗಾಳಿಯಾಡುವ ಅಂಗಳದಲ್ಲಿ, ಬಚ್ಚಲಿನ ಒಲೆಯಿಂದಲೂ ದೇವರ ದೀಪದಿಂದಲೂ ದೂರವಿದ್ದು ಈ ಕೆಲಸ ಮಾಡಿ. ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬುರೇಟರಿನ ಅಡಿಯಲ್ಲಿರುವ ಡ್ರೇನ್ ಸ್ಕ್ರೂ ಸಡಿಲಿಸಿ, ಪೆಟ್ರೋಲ್ ನಿಲ್ಲುವ ಅಡಿಯ ಬಟ್ಟಲಿನಲ್ಲಿರುವುದನ್ನು ಒಂದು ಗಾಜಿನ ಬಾಟಲಿಗೆ ಇಳಿಸಿಕೊಳ್ಳಿ. ಆಮೇಲೆ ಕಾರ್ಬುರೇಟರನ್ನು ಹೊರತೆಗೆದು ಬಟ್ಟಲು ಬಿಚ್ಚಿ. ಸ್ಕ್ರೂಗಳ ತಲೆ ಮೆತ್ತಗಿರುತ್ತದೆ, ಅಳತೆಗೆ ಸರಿಹೊಂದುವ ಸ್ಕ್ರೂಡ್ರೈವರನ್ನೇ ಬಳಸಿ. ಬಟ್ಟಲಿನಲ್ಲಿ ತೇಲುವ ಫ್ಲೋಟನ್ನು ಹಿಡಿದಿರುವ ಪಿನ್ನನ್ನು ಮೆಲ್ಲಗೆ ಜಾರಿಸಿದರೆ ಫ್ಲೋಟ್ ಮತ್ತು ಬಟ್ಟಲು ತುಂಬಿದಾಗ ಪೆಟ್ರೋಲಿನ ದಾರಿ ಮುಚ್ಚುವ ಅದರ ಸೂಜಿ ಒಟ್ಟಿಗೆ ಕೈಗೆ ಬರುತ್ತವೆ. ನಿಧಾನದ ಓಟಕ್ಕೆ ಗಾಳಿ ಪೆಟ್ರೋಲಿನ ಹದ ಹೊಂದಿಸುವ ಏರ್ ಸ್ಕ್ರೂ ತೆಗೆಯುವ ಮೊದಲು ಅದನ್ನು ಒಳಗೆ ತಾಗುವವರೆಗೆ ಹಗುರವಾಗಿ ತಿರುಗಿಸಿ, ಎಷ್ಟು ಸುತ್ತಾಯಿತೆಂದು ಬರೆದಿಟ್ಟುಕೊಳ್ಳಿ. ಮರಳಿ ಕೂರಿಸುವಾಗ ಅಷ್ಟೇ ಸುತ್ತು ಸಡಿಲಿಸಿದರೆ ಹಳೆಯ ಹೊಂದಾಣಿಕೆ ಸಿಗುತ್ತದೆ.

ಜೆಟ್ಟನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಸ್ವಚ್ಛವಿದ್ದರೆ ನಡುವೆ ಸೂಜಿಮೊನೆಯಷ್ಟು, ಆದರೆ ಪೂರ್ತಿ ದುಂಡಗಿನ ಬೆಳಕಿನ ಚುಕ್ಕೆ ಕಾಣುತ್ತದೆ. ಕಟ್ಟಿಕೊಂಡಿದ್ದರೆ ಏನೂ ಕಾಣುವುದಿಲ್ಲ, ಅಥವಾ ಒಂದು ಬದಿ ಕಚ್ಚಿದಂತೆ ಕಾಣುತ್ತದೆ. ಪೆಟ್ರೋಲ್ ಆರಿಹೋದ ಮೇಲೆ ಉಳಿಯುವ ಕಂದು ಬಣ್ಣದ ಅಂಟೇ ಇದಕ್ಕೆ ಕಾರಣ. ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಸ್ವಲ್ಪ ಹೊತ್ತು ಬಿಡಿ, ಬಳಿಕ ಗಾಳಿ ಹಾಯಿಸಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಧಾರಾಳ ಸಾಕು. ಕೆಲವು ಮಾದರಿಗಳಲ್ಲಿ ಪೈಲಟ್ ಜೆಟ್ಟನ್ನು ಒತ್ತಿ ಕೂರಿಸಿರುತ್ತಾರೆ, ಅದು ಹೊರಗೆ ಬರುವುದಿಲ್ಲ. ಹಾಗಿದ್ದರೆ ಎಳೆಯಲು ಹೋಗದೆ ಇದ್ದಲ್ಲಿಯೇ ತೊಳೆಯಿರಿ. ಜೆಟ್ ಮಾತ್ರವಲ್ಲ, ಏರ್ ಸ್ಕ್ರೂ ಕೂರುವ ರಂಧ್ರದಿಂದ ಎಂಜಿನ್ ಕಡೆಗೆ ಹೋಗುವ ಸಣ್ಣ ದಾರಿಯಲ್ಲೂ ಸ್ಪ್ರೇ ಹಾದು ಹೊರಬರುವುದನ್ನು ಕಣ್ಣಾರೆ ನೋಡಬೇಕು. ಬಹಳ ಮಂದಿ ಇದನ್ನು ಬಿಟ್ಟುಬಿಡುತ್ತಾರೆ, ಅದಕ್ಕೇ ತೊಳೆದ ಕಾರ್ಬುರೇಟರ್ ಮತ್ತೆ ಅದೇ ತಕರಾರು ಮಾಡುತ್ತದೆ.

ಉತ್ತರ (ಮಂಗಳೂರು, ಬಂದರು)

ಮೇಲಿನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಜೆಟ್ ಹಿತ್ತಾಳೆಯದು, ಉಕ್ಕಿನ ತಂತಿ ಅಥವಾ ಗುಂಡುಸೂಜಿ ತುರುಕಿದರೆ ರಂಧ್ರ ಅಗಲವಾಗಿ ಮೈಲೇಜ್ ಶಾಶ್ವತವಾಗಿ ಕೆಡುತ್ತದೆ. ಚುಚ್ಚಲೇಬೇಕಾಗಿ ಬಂದರೆ ಬ್ರಷ್ಷಿನ ನೈಲಾನ್ ಎಳೆಯೊಂದು ಸಾಕು. ಸ್ಪ್ರೇ ಹೊಡೆಯುವ ಮೊದಲು ಫ್ಲೋಟ್, ಓ ರಿಂಗ್ ಮತ್ತು ರಬ್ಬರಿನ ಭಾಗಗಳನ್ನೆಲ್ಲ ತೆಗೆದಿಡಿ, ಇಲ್ಲದಿದ್ದರೆ ರಬ್ಬರ್ ಉಬ್ಬಿ ಮತ್ತೆ ಕೂರುವುದಿಲ್ಲ. ಕಣ್ಣಿಗೆ ಕನ್ನಡಕವಿರಲಿ, ಒಂದು ರಂಧ್ರಕ್ಕೆ ಹೊಡೆದದ್ದು ಇನ್ನೊಂದರಿಂದ ನೇರ ಮುಖಕ್ಕೆ ಚಿಮ್ಮುತ್ತದೆ.

ಉತ್ತರ (ಮಲ್ಪೆ)

ನಾನು ನಾಡದೋಣಿಗಳ ಔಟ್‌ಬೋರ್ಡ್ ಎಂಜಿನ್ ದುರಸ್ತಿ ಮಾಡುವವನು. ಕಾರ್ಬುರೇಟರ್ ತೊಳೆಯುವ ಕ್ರಮ ಸರಿಯಾಗಿಯೇ ಇದೆ, ಆದರೆ ಕೊಳೆ ಎಲ್ಲಿಂದ ಬಂತೆಂದು ನೋಡದೆ ತೊಳೆದರೆ ಕೆಲವೇ ದಿನಗಳಲ್ಲಿ ಮತ್ತೆ ಬಿಚ್ಚಬೇಕಾಗುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ, ಎಥನಾಲ್ ನೀರಿನ ಅಂಶವನ್ನು ಹೀರಿಕೊಳ್ಳುತ್ತದೆ. ನಮ್ಮ ಕರಾವಳಿಯ ಮಳೆಗಾಲದ ಗಾಳಿಯಲ್ಲಿ ಅರ್ಧ ಖಾಲಿ ಟ್ಯಾಂಕ್ ತಿಂಗಳುಗಟ್ಟಲೆ ನಿಂತರೆ ಒಳಗೆ ತೇವ ಸೇರುತ್ತದೆ. ನೀರು ಒಂದು ಮಿತಿ ದಾಟಿದಾಗ ಎಥನಾಲನ್ನೂ ಎಳೆದುಕೊಂಡು ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಕಾರ್ಬುರೇಟರಿಗೆ ಪೆಟ್ರೋಲ್ ಹೋಗುವುದು ಆ ತಳದಿಂದಲೇ. ಬಟ್ಟಲಿನ ಒಳಗೋಡೆಯಲ್ಲಿ ಬಿಳಿ ಹುಡಿ ಕಂಡರೆ ನೀರು ಒಳಗೆ ನಿಂತಿತ್ತೆಂದೇ ತಿಳಿಯಿರಿ.

ಡ್ರೇನ್ ಮಾಡಿದ ಪೆಟ್ರೋಲ್ ಇರುವ ಗಾಜಿನ ಬಾಟಲಿಯನ್ನು ಅಲುಗಾಡಿಸದೆ ಸ್ವಲ್ಪ ಹೊತ್ತು ಇಡಿ. ತಳದಲ್ಲಿ ಬೇರೆ ಪದರ ಕಂಡರೆ ಅಥವಾ ಕೆಂಪು ಹುಡಿ ಕೂತರೆ ಟ್ಯಾಂಕಿನ ಪೆಟ್ರೋಲನ್ನು ಪೂರ್ತಿ ತೆಗೆದು, ಕಾಕ್‌ನೊಳಗಿನ ಜಾಲರಿಯನ್ನು ತೊಳೆದು, ಬಳಿಕವೇ ಕಾರ್ಬುರೇಟರಿಗೆ ಕೈಹಾಕಿ. ಮುಂದಿನ ಮಳೆಗಾಲದಲ್ಲಿ ಬೈಕ್ ನಿಲ್ಲಿಸುವಾಗ ಟ್ಯಾಂಕ್ ತುಂಬಿಸಿಡಿ, ಕಾಕ್ ಮುಚ್ಚಿ ಬಟ್ಟಲನ್ನು ಖಾಲಿ ಮಾಡಿ. ಬಟ್ಟಲಿನಲ್ಲಿ ಪೆಟ್ರೋಲೇ ಇಲ್ಲದಿದ್ದರೆ ಜೆಟ್ಟಿನಲ್ಲಿ ಅಂಟು ಕಟ್ಟುವ ಪ್ರಶ್ನೆಯೇ ಬರುವುದಿಲ್ಲ.

ಪ್ರಶ್ನೆ ಕೇಳಿದವರು (ಕಾಪು)

ಎಲ್ಲರಿಗೂ ಕೃತಜ್ಞತೆಗಳು. ಬಾಟಲಿಯ ತಳದಲ್ಲಿ ನೀರೂ ತುಕ್ಕಿನ ಹುಡಿಯೂ ಕಂಡವು. ಟ್ಯಾಂಕ್ ಮತ್ತು ಜಾಲರಿ ತೊಳೆದು, ಪೈಲಟ್ ಜೆಟ್ ಬಿಡಿಸಿದ ಮೇಲೆ ಬೈಕ್ ಚೋಕ್ ಇಲ್ಲದೆ ಒಂದೇ ಹದದಲ್ಲಿ ಓಡುತ್ತಿದೆ. ಆದರೆ ನಿಲ್ಲಿಸಿಟ್ಟಾಗ ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಮೊದಲು ಹೀಗಿರಲಿಲ್ಲ.

ಉತ್ತರ (ಸುರತ್ಕಲ್)

ಫ್ಲೋಟಿನ ಸೂಜಿ ಸರಿಯಾಗಿ ಮುಚ್ಚುತ್ತಿಲ್ಲ. ತುಕ್ಕಿನ ಒಂದು ಕಣ ಸಿಕ್ಕಿಕೊಂಡರೂ ಹೀಗಾಗುತ್ತದೆ. ಬಟ್ಟಲು ಬಿಚ್ಚಿ ಸೂಜಿಯ ರಬ್ಬರ್ ತುದಿಯನ್ನು ನೋಡಿ. ಸುತ್ತ ಉಂಗುರದಂತೆ ಗೀರು ಬಿದ್ದಿದ್ದರೆ ಸೂಜಿಯನ್ನು ಬದಲಿಸಿ, ಅದು ಬಿಡಿಯಾಗಿಯೇ ಸಿಗುತ್ತದೆ. ಗೀರಿಲ್ಲದಿದ್ದರೆ ಸೂಜಿ ಕೂರುವ ಜಾಗವನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿದರೆ ಸಾಕು. ಫ್ಲೋಟನ್ನು ಕಿವಿಯ ಹತ್ತಿರ ಅಲುಗಿಸಿ, ಒಳಗೆ ಪೆಟ್ರೋಲ್ ಸೇರಿಲ್ಲವೆಂಬುದನ್ನೂ ಖಚಿತಪಡಿಸಿಕೊಳ್ಳಿ. ಜೋಡಿಸಿದ ಮೇಲೆ ಕಾರ್ಬುರೇಟರನ್ನು ತಲೆಕೆಳಗಾಗಿ ಹಿಡಿದು ಪೆಟ್ರೋಲ್ ಬರುವ ನಳಿಗೆಗೆ ಸ್ವಚ್ಛವಾದ ಪೈಪ್ ಸಿಕ್ಕಿಸಿ ಊದಿದರೆ ಗಾಳಿ ಹೋಗಬಾರದು. ಅದುವರೆಗೆ ಪ್ರತಿ ಸಲ ನಿಲ್ಲಿಸಿದಾಗಲೂ ಕಾಕ್ ಮುಚ್ಚಿಡಿ. ಹೆಚ್ಚಾದ ಪೆಟ್ರೋಲ್ ಸಿಲಿಂಡರಿನ ಮೂಲಕ ಎಂಜಿನ್ ಆಯಿಲಿಗೂ ಇಳಿಯಬಹುದು. ಆಯಿಲಿನ ಮಟ್ಟ ಏರಿದ್ದರೆ ಅಥವಾ ಆಯಿಲ್ ಅಳೆಯುವ ಕಡ್ಡಿಗೆ ಪೆಟ್ರೋಲಿನ ವಾಸನೆ ಇದ್ದರೆ ಆಯಿಲ್ ಬದಲಿಸದೆ ಬೈಕ್ ಓಡಿಸಬೇಡಿ.