ಸರ್ಕಾರಿ ಶಾಲ್ಯಾಗ ಗಣಪತಿ ಕೂಡ್ರಿಸಬೇಕೋ ಬ್ಯಾಡೋ? ಗೆರಿ ಎಲ್ಲಿ ಎಳೀಬೇಕು?

ಶಿಗ್ಗಾಂವಿ ಟೀಚರ್

ಎಲ್ಲರಿಗೂ ನಮಸ್ಕಾರ. ಶಿಗ್ಗಾಂವಿ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಇನ್ನೂರರ ಆಸುಪಾಸು ಮಕ್ಕಳು. ಮುಸ್ಲಿಂ ಮನೆಗಳ ಮಕ್ಕಳು ಸಾಕಷ್ಟಿದ್ದಾರೆ, ಕ್ರೈಸ್ತರ ಮನೆ ಎರಡು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮೂರು ಮಾತು ಬಂದಿವೆ: ಸಣ್ಣ ವರ್ಗದ ಮಕ್ಕಳು ಕೂಡುವ ನಲಿ-ಕಲಿ ಕೋಣೆಯಲ್ಲಿ ಐದು ದಿನ ಗಣಪತಿ ಕೂಡ್ರಿಸುವುದು, ಪ್ರತಿ ಮಗುವಿನಿಂದ 50 ರೂಪಾಯಿ ಪಟ್ಟಿ ಎತ್ತುವುದು, ಕಡಿಮೆ ಬಿದ್ದರೆ ಶಾಲಾ ಅನುದಾನದಿಂದ ಹೊಂದಿಸುವುದು. "ಬ್ಯಾಡ ಅನ್ನೋರು ಅವತ್ತು ಮಕ್ಕಳನ್ನ ಕಳಸಬಾರ್ದು, ಅಷ್ಟ" ಎಂಬ ಮಾತೂ ಆಗಿದೆ.

ಇದಕ್ಕೆ ಕಾನೂನು ಏನು ಹೇಳುತ್ತದೆ? ಜಯಂತಿಗಳ ಫೋಟೋ ಪೂಜೆ, ಪರೀಕ್ಷೆಗೆ ಮುಂಚಿನ ಸರಸ್ವತಿ ಪೂಜೆ ಮೊದಲಿನಿಂದ ನಡೆದು ಬಂದಿವೆ, ಅವುಗಳ ಕಥೆ ಏನು? ಹಬ್ಬವೇ ಬೇಡ ಎಂದರೆ ಮಕ್ಕಳಿಗೆ ಶಾಲೆ ಬರಡಾಗುತ್ತದೆ. ಹೇಗೆ ಮಾಡಿದರೆ ಸರಿ ಎಂಬುದೂ ಗೊತ್ತಾಗಬೇಕು.

ಹುಬ್ಬಳ್ಳಿ ವಕೀಲ

ಮೇಡಂ, ಮೊದಲು ಸಂವಿಧಾನದ 28ನೇ ವಿಧಿ ನೋಡಿ. ಶಾಲೆ ಯಾವ ಬಗೆಯದು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

28(1): ಪೂರ್ತಿ ಸರ್ಕಾರದ ಹಣದಲ್ಲೇ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ನಿಮ್ಮ ಶಾಲೆ ಬರುವುದು ಇಲ್ಲಿ. 28(2): ದತ್ತಿ ಅಥವಾ ಟ್ರಸ್ಟ್ ಸ್ಥಾಪಿಸಿ, ಧಾರ್ಮಿಕ ಬೋಧನೆ ಇರಲೇಬೇಕೆಂದು ಅದರಲ್ಲೇ ಬರೆದಿಟ್ಟು, ಈಗ ಸರ್ಕಾರ ಆಡಳಿತ ನೋಡಿಕೊಳ್ಳುವ ಸಂಸ್ಥೆಗಳಿಗೆ ವಿನಾಯಿತಿ. 28(3): ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಯಾರನ್ನೂ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೆ, ಪೂಜೆ ಪ್ರಾರ್ಥನೆಗೆ ಕೂಡ್ರಿಸುವಂತಿಲ್ಲ. ಮಗು ಅಪ್ರಾಪ್ತ ವಯಸ್ಸಿನದಾದರೆ ಪಾಲಕರ ಒಪ್ಪಿಗೆ ಬೇಕು. ಧಾರವಾಡ, ಗದಗಿನ ಮಠಗಳ ಮತ್ತು ಮಿಷನ್ ಸಂಸ್ಥೆಗಳ ಅನುದಾನಿತ ಶಾಲೆಗಳಿಗೆ ಲಾಗೂ ಆಗುವುದು ಇದು. ಅಲ್ಲಿ ನಡೆಯುವುದನ್ನು ನೋಡಿ "ನಮ್ಮಲ್ಲೂ ನಡೀತದ" ಎನ್ನುವುದು ಸರಿಯಲ್ಲ.

ಒಂದು ಎಚ್ಚರಿಕೆ. 28(1)ರಲ್ಲಿ ಇರುವ ಶಬ್ದ "ಬೋಧನೆ". ಪೂಜೆ ಎಂಬ ಮಾತು ಬರುವುದು 28(3)ರಲ್ಲಿ. ಆದ್ದರಿಂದ "ಶಾಲೆಯಲ್ಲಿ ಹಬ್ಬ ಎಂದರೇ ಸಂವಿಧಾನ ಉಲ್ಲಂಘನೆ" ಎಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಬರೆದರೆ ವಾದ ನಿಲ್ಲುವುದಿಲ್ಲ. ಒತ್ತಾಯ, ಹಣ, ಪಾಠದ ಸಮಯ ಈ ಮೂರನ್ನು ಹಿಡಿದು ಬರೆದರೆ ನಿಲ್ಲುತ್ತದೆ.

ಧರ್ಮಗಳ ಬಗ್ಗೆ ಕಲಿಸುವುದಕ್ಕೆ ತಡೆಯಿಲ್ಲ. ಗುರು ನಾನಕರ ಜೀವನ ಮತ್ತು ಬೋಧನೆಯ ಅಧ್ಯಯನ ಧಾರ್ಮಿಕ ಬೋಧನೆಯಾಗುವುದಿಲ್ಲ ಎಂದು 1971ರ ಡಿ.ಎ.ವಿ. ಕಾಲೇಜು ಪ್ರಕರಣದಲ್ಲೂ, ಎಲ್ಲ ಧರ್ಮಗಳ ಪರಿಚಯ ಪಠ್ಯದಲ್ಲಿ ಇರಬಹುದು ಎಂದು 2002ರ ಅರುಣಾ ರಾಯ್ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಹೇಳಿದೆ. ಇನ್ನೊಂದು ಕಡೆ, 1986ರ ಬಿಜೋ ಇಮ್ಯಾನುಯೆಲ್ ಪ್ರಕರಣ. ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರು, ತಮ್ಮ ನಂಬಿಕೆಯ ಕಾರಣಕ್ಕೆ ಹಾಡಲಿಲ್ಲ. ಅವರನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪು ಎಂದು ತೀರ್ಪಾಯಿತು. ರಾಷ್ಟ್ರಗೀತೆಯ ವಿಷಯದಲ್ಲೇ ಇಷ್ಟು ರಕ್ಷಣೆ ಇರುವಾಗ ಆರತಿಗೆ ಕೈ ಮುಗಿಯದ ಮಗುವನ್ನು ಗದರಿಸಲು ಯಾವ ಆಧಾರವೂ ಸಿಗದು.

ಧರ್ಮನಿರಪೇಕ್ಷತೆ ಸಂವಿಧಾನದ ಮೂಲಸ್ವರೂಪದ ಭಾಗ ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಎತ್ತಿ ಹಿಡಿದ 1994ರ ತೀರ್ಪಿಗೆ ಹೆಸರು ಕೊಟ್ಟವರು ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ಆರಿಸಿ ಬಂದಿದ್ದ ಮಾಜಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರೇ. ಈ ಮಾತು ನಮ್ಮ ಭಾಗಕ್ಕೆ ದೂರದ್ದಲ್ಲ.

ಧಾರವಾಡ ಮಾಸ್ತರ

ಅಕ್ಕೋರ, ವಕೀಲ ಸಾಹೇಬ್ರು ಕಾನೂನು ಹೇಳ್ಯಾರ, ನಾ ರೊಕ್ಕದ್ದು ಹೇಳ್ತೇನಿ. ಶಾಲ್ಯಾಗ ಜಗಳ ಹುಟ್ಟೋದು ಅಲ್ಲೇ.

ಸಮಗ್ರ ಶಿಕ್ಷಾ ಅನ್ನೂ ಸರ್ಕಾರದ ಶಾಲಾ ಯೋಜನ್ಯಾಗ 100ರಿಂದ 250 ಮಕ್ಕಳ ಶಾಲಿಗೆ ವರ್ಷಕ್ಕ ಬರೂ ಅನುದಾನದ ಮಿತಿ 50,000 ರೂಪಾಯಿ. ಅದರಾಗ ಕನಿಷ್ಠ ಶೇ 10 ಸ್ವಚ್ಛತಾಕ್ಕ ಹೋಗಬೇಕು. ಉಳಿದದ್ದು ಕರೆಂಟ್ ಬಿಲ್, ನೀರು, ಕಲಿಕಾ ಸಾಮಗ್ರಿ, ಸಣ್ಣಪುಟ್ಟ ದುರಸ್ತಿಗೇ ಸಾಲೂದಿಲ್ಲ. ಮಂಟಪ, ಮೂರ್ತಿ, ಸೀರಿಯಲ್ ಲೈಟಿಗೆ ಅದರಾಗ ಖರ್ಚಿನ ತಲೆಬರಹನ ಇಲ್ಲ. "ಇತರೆ" ಅಂತ ಬರದ್ರ ಆಡಿಟ್‌ನಾಗ ಉತ್ತರ ಕೊಡಬೇಕಾದವರು ಮುಖ್ಯ ಶಿಕ್ಷಕರು, ಯಾಕಂದ್ರ ಚೆಕ್ಕಿಗೆ ಅವರ ಸಹಿ ಇರತದ. ಮಂಟಪ ಹಾಕಿಸಿದ ಹುಡುಗರು ಅವತ್ತು ಬರೂದಿಲ್ಲ.

50 ರೂಪಾಯಿ ಪಟ್ಟಿಯಂತೂ ಬ್ಯಾಡೇ ಬ್ಯಾಡ. 2009ರ ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಎಂಟನೇತ್ತೆ ಮಟಾ ಉಚಿತ ಅಂತದ. ಕೂಲಿ ಮಾಡೋರ ಮನ್ಯಾಗ ಮೂರು ಮಕ್ಕಳಿದ್ರ 150 ಆತು. ಕೊಡದ ಮಗುವಿನ ಹೆಸರು ವರ್ಗದಾಗ ಓದಿದ್ರ ಅದು ಮಾನಸಿಕ ಹಿಂಸೆ, ಅದನ್ನ ಅದೇ ಕಾಯ್ದೆಯ 17ನೇ ಕಲಮು ನಿಷೇಧ ಮಾಡೇದ.

ಇನ್ನ "ಬ್ಯಾಡ ಅನ್ನೋರು ಬರಬಾರ್ದು" ಅನ್ನೂ ಮಾತು. ಎಲ್ಲಕ್ಕಿಂತ ಕೆಟ್ಟದ್ದು ಇದ. ಚವತಿ ದಿನ ಸರ್ಕಾರಿ ರಜಾ ಇರತದ, ಉಳದ ನಾಕು ದಿನ ಪಾಠದ ದಿನ. ಅವತ್ತು ಮಗು ಮನ್ಯಾಗ ಕೂತ್ರ ಹಾಜರಿ ಹೋತು, ಬಿಸಿಯೂಟ ಹೋತು, ಓರಗೆಯವರ ನಡುವ "ಅಂವ ನಮ್ಮಂವ ಅಲ್ಲ" ಅನ್ನೂದು ಕೂತು ಬಿಟ್ಟಿತು. ಒಪ್ಪಿಗೆ ಚೀಟಿ ತೊಗೊಂಡ್ರೂ ಸರಿ ಆಗೂದಿಲ್ಲ. ಗುರುಗಳು ಕೇಳ್ಯಾರಂದ್ರ ಪಾಲಕರು ಸಹಿ ಹಾಕ್ತಾರ, ಬ್ಯಾಡ ಅನ್ನೂ ಧೈರ್ಯ ಹಳ್ಯಾಗ ಯಾರಿಗಿರತದ? ಬಾಯಿ ಮುಚ್ಚಿಕೊಂಡು ಇದ್ದದ್ದನ್ನ ಒಪ್ಪಿಗೆ ಅಂತ ಎಣಿಸಬಾರ್ದು.

ಹಳೆ ವಿದ್ಯಾರ್ಥಿಗಳಿಗೆ ಹುರುಪಿದ್ರ ಊರ ಗುಡಿ ಮುಂದೋ ಚಾವಡ್ಯಾಗೋ ಕೂಡ್ರಿಸ್ಲಿ. ಊರ ಗಣಪತಿ ಊರಾಗ ಇರ್ಲಿ, ಸಂಜೀಕೆ ಬೇಕಾದ ಮಕ್ಕಳು ತಂದಿ ತಾಯಿ ಜೋಡಿ ಹೋಗ್ತಾರ. ಗಣಪತಿಗೂ ಮರ್ಯಾದಿ, ಶಾಲಿಗೂ ಮರ್ಯಾದಿ.

ಶಾಲ್ಯಾಗ ಮಣ್ಣಿನ ಕೆಲಸ ಮಾಡಸ್ರಿ. ಒಂದೊಂದು ಮಗುವಿಗೆ ಅರ್ಧ ಕೆಜಿ ಮಣ್ಣು ಸಾಕು. ನಮ್ಮ ಕಡೆ ಎರಿಮಣ್ಣು ಕೈಗೆ ಸಿಗತದ ಅಂತ ಬರೇ ಅದನ್ನ ತರಬ್ಯಾಡ್ರಿ. ಹಸಿ ಇದ್ದಾಗ ಉಬ್ಬಿ ಒಣಗಿದಾಗ ಕುಗ್ಗೂದು ಅದರ ಗುಣ, ಮೂರ್ತಿ ಬಿರಕ್ ಬಿಡತದ. ಕುಂಬಾರರ ಮಣ್ಣು ತಂದು ಜರಡಿ ಹಿಡದು, ರಾತ್ರಿ ನೆನಸಿಟ್ಟು, ಮುಂಜಾನೆ ಸ್ವಲ್ಪ ನೆನಸಿದ ಕಾಗದದ ತಿರುಳು ಕೂಡಿಸಿ ನಾದಬೇಕು. ಸೊಂಡಿ, ಕಿವಿ, ಕಾಲು ಜೋಡಸೂ ಕಡೆ ಎರಡೂ ಭಾಗಕ್ಕ ಗೀರು ಹಾಕಿ ತೆಳು ರಾಡಿ ಮೆತ್ತಬೇಕು, ಇಲ್ಲಂದ್ರ ಒಣಗಿದ ಮ್ಯಾಲೆ ಕಳಚಿ ಬೀಳತಾವ. ಬಿಸಲಾಗ ಇಟ್ರ ಹೊರಗ ಬೇಗ ಒಣಗಿ ಒಳಗ ಹಸಿ ಉಳದು ಸೀಳತದ, ನೆಳ್ಳಾಗ ಮೂರ್ನಾಕು ದಿನ ಬಿಡ್ರಿ. ಯಾರಿಗೆ ಗಣಪತಿ ಬೇಕೋ ಗಣಪತಿ, ಯಾರಿಗೆ ಎತ್ತು ಬೇಕೋ ಎತ್ತು, ಆನಿ, ಮಡಕಿ, ಏನ ಬೇಕಾದ್ರೂ ಮಾಡ್ಲಿ. ಮನಿಗೆ ಒಯ್ದು ಪೂಜಿ ಮಾಡೋದು ಬಿಡೋದು ಮನಿಯವರದ್ದು.

ಜಯಂತಿ ಫೋಟೋ ಪೂಜಿ ಬ್ಯಾರೆ. ಕನಕ ಜಯಂತಿ, ವಾಲ್ಮೀಕಿ ಜಯಂತಿ ಸರ್ಕಾರದ್ದ ಕಾರ್ಯಕ್ರಮ. ಆದ್ರ ಕಾಯಿ ಒಡದು ಕರ್ಪೂರ ಹಚ್ಚಿ ಮಕ್ಕಳನ್ನ ಸಾಲಾಗಿ ನಮಸ್ಕಾರ ಮಾಡಸೂದು ಅದಕ್ಕ ಬೇಕಾಗಿಲ್ಲ. ಹೂವಿನ ಹಾರ ಹಾಕಿ ಹತ್ತು ನಿಮಿಷ ಅವರ ಬಗ್ಗೆ ಹೇಳ್ರಿ. ಕನಕದಾಸರು ನಿಮ್ಮ ತಾಲೂಕಿನ ಬಾಡದವರು, ಹೇಳಾಕ ಬೇಕಾದಷ್ಟದ.

ಓದುಗ_ನವನಗರ

ಅಮೆರಿಕದಲ್ಲಿ ಸರ್ಕಾರಿ ಶಾಲೆಯಲ್ಲಿ ಕ್ರಿಸ್‌ಮಸ್ ಹೆಸರೂ ಎತ್ತುವಂತಿಲ್ಲ, ನಮ್ಮಲ್ಲೂ ಹಾಗೇ ಆಗಬೇಕು ಅಂತಾರಲ್ಲ?

ಹುಬ್ಬಳ್ಳಿ ವಕೀಲ

ಅದು ಪೂರ್ತಿ ಸರಿಯಲ್ಲ. ಅಲ್ಲಿ 1962ರಲ್ಲಿ ನ್ಯೂಯಾರ್ಕ್ ರಾಜ್ಯದ ಅಧಿಕಾರಿಗಳೇ ಬರೆದುಕೊಟ್ಟ ಶಾಲಾ ಪ್ರಾರ್ಥನೆಯನ್ನೂ, 1963ರಲ್ಲಿ ಶಾಲೆ ನಡೆಸುತ್ತಿದ್ದ ಬೈಬಲ್ ಪಠಣವನ್ನೂ ಸುಪ್ರೀಂ ಕೋರ್ಟ್ ತಡೆಯಿತು. ಆದರೆ ಬೈಬಲನ್ನು ಸಾಹಿತ್ಯವಾಗಿ, ಇತಿಹಾಸವಾಗಿ ಓದಿಸಬಹುದು ಎಂದು 1963ರ ಆ ತೀರ್ಪೇ ಹೇಳುತ್ತದೆ. ಸೌತ್ ಡಕೋಟಾದ ಸೂ ಫಾಲ್ಸ್ ಶಾಲೆಗಳ ಪ್ರಕರಣದಲ್ಲಿ 1980ರಲ್ಲಿ ಮೇಲ್ಮನವಿ ನ್ಯಾಯಾಲಯ ಕ್ರಿಸ್‌ಮಸ್ ಹಾಡುಗಳನ್ನೂ ಕಲಿಕೆಯ ಭಾಗವಾಗಿ ಒಪ್ಪಿತು. ತಡೆ ಇರುವುದು ಶಾಲೆಯೇ ನಿಂತು ಆರಾಧನೆ ಮಾಡಿಸುವುದಕ್ಕೆ. ನಮ್ಮ ವ್ಯವಸ್ಥೆ ಅವರದ್ದಕ್ಕಿಂತ ಬೇರೆ, ಇಲ್ಲಿ ಸರ್ಕಾರ ದೇವಸ್ಥಾನಗಳ ಆಡಳಿತವನ್ನೂ ನೋಡುತ್ತದೆ. ಅವರ ತೀರ್ಪು ಹಿಡಿದು ಇಲ್ಲಿ ವಾದಿಸಲು ಹೋಗಬೇಡಿ, ನಮ್ಮ 28ನೇ ವಿಧಿಯೇ ಸಾಕು.

ಗದಗ ಗಣಿತ ಟೀಚರ್

ಹಬ್ಬವನ್ನು ಪಾಠ ಮಾಡುವ ಎರಡು ದಾರಿ ಹೇಳುತ್ತೇನೆ, ಎರಡೂ 40 ನಿಮಿಷದ ಅವಧಿಯಲ್ಲಿ ಮುಗಿಯುತ್ತವೆ.

ಆರು, ಏಳನೇ ವರ್ಗಕ್ಕೆ ಕ್ಯಾಲೆಂಡರ್ ಲೆಕ್ಕ. ಚಾಂದ್ರಮಾನ ತಿಂಗಳು ಸುಮಾರು 29.5 ದಿನ. ಹನ್ನೆರಡರಿಂದ ಗುಣಿಸಿದರೆ 354. ಸೌರ ವರ್ಷ 365, ವ್ಯತ್ಯಾಸ 11. ಮೂರು ವರ್ಷಕ್ಕೆ 33 ದಿನ, ಅಂದರೆ ಒಂದು ತಿಂಗಳ ಮೇಲೆ. ನಮ್ಮ ಪಂಚಾಂಗ ಅದನ್ನು ಅಧಿಕ ಮಾಸ ಸೇರಿಸಿ ಸರಿದೂಗಿಸುತ್ತದೆ, ಹಾಗಾಗಿ ದೀಪಾವಳಿ ಅಕ್ಟೋಬರ್ ನವೆಂಬರ್ ಬಿಟ್ಟು ಹೋಗುವುದಿಲ್ಲ. ಹಿಜರಿ ಪಂಚಾಂಗದಲ್ಲಿ ಅಧಿಕ ಮಾಸವಿಲ್ಲ, ರಮಜಾನ್ ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿದು ಸುಮಾರು 33 ವರ್ಷಕ್ಕೆ ಒಂದು ಸುತ್ತು ಬರುತ್ತದೆ. ನಮ್ಮ ಹಳ್ಳಿಗಳ ಮೊಹರಂ ಒಮ್ಮೆ ಮಳೆಗಾಲದಲ್ಲಿ, ಒಮ್ಮೆ ಚಳಿಯಲ್ಲಿ ಬರುವುದೂ ಇದೇ ಕಾರಣಕ್ಕೆ. ಹತ್ತು ವರ್ಷದ ಹಳೆಯ ಕ್ಯಾಲೆಂಡರ್ ತಂದು ಮಕ್ಕಳೇ ತಾರೀಖು ಹುಡುಕಲಿ.

ಎರಡನೆಯದು ನಾಗರ ಪಂಚಮಿ. ಉಂಡಿ, ಜೋಕಾಲಿಯ ಮಾತಾಡಿ, ಆಮೇಲೆ ಹಾವಿನ ಪಾಠ. ಹಾವಿಗೆ ಹಾಲು ಆಹಾರವಲ್ಲ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕನ್ನು ಚಿತ್ರ ನೋಡಿ ಗುರುತಿಸಬೇಕು. ಕಚ್ಚಿದರೆ ಗಾಯ ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ಕೈಕಾಲು ಅಲುಗಿಸದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಹೊಲದ ಕೆಲಸದ ಮನೆಗಳ ಮಕ್ಕಳಿಗೆ ಇದು ಜೀವ ಉಳಿಸುವ ಮಾತು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು 51ಎ ವಿಧಿಯ ಮೂಲಭೂತ ಕರ್ತವ್ಯವೂ ಹೌದು. ಮನೆಯ ಆಚರಣೆಯನ್ನು ಮಾತ್ರ ಹಳಿಯಬೇಡಿ, ಮಗು ಬಾಯಿ ಮುಚ್ಚಿಬಿಡುತ್ತದೆ.

ಎಡವುವುದು ಎರಡು ಕಡೆ. ವರ್ಗದಲ್ಲಿ ಇರುವ ಒಬ್ಬಳೇ ಕ್ರೈಸ್ತ ಹುಡುಗಿಯನ್ನು ಎಬ್ಬಿಸಿ "ನಿಮ್ಮ ಹಬ್ಬದ ಬಗ್ಗೆ ಹೇಳು" ಎನ್ನಬಾರದು. ತಾನಾಗಿ ಹೇಳಿದರೆ ಸಂತೋಷ, ಇಲ್ಲವಾದರೆ ಶಿಕ್ಷಕರೇ ಹೇಳಬೇಕು. ಇನ್ನೊಂದು, "ಗಣಪತಿ ಪೂಜೆ ಮಾಡಿದೆವು, ಈದ್‌ಗೂ ಪ್ರಾರ್ಥನೆ ಮಾಡಿಸೋಣ, ಸಮ ಆಗುತ್ತದೆ" ಎಂಬ ಲೆಕ್ಕ. ಒಂದು ಒತ್ತಾಯಕ್ಕೆ ಇನ್ನೊಂದು ಒತ್ತಾಯ ಕೂಡಿದರೆ ಎರಡು ಒತ್ತಾಯ ಆಗುತ್ತದೆ.

ಶಿಗ್ಗಾಂವಿ ಟೀಚರ್

ತುಂಬ ಉಪಕಾರ ಆಯಿತು. ಸರಸ್ವತಿ ಪೂಜೆ ಉಳಿಯಿತು. ಸಭೆಯ ಠರಾವಿನಲ್ಲಿ ಏನೆಂದು ಬರೆಸಲಿ?

ಧಾರವಾಡ ಮಾಸ್ತರ

ಸರಸ್ವತಿ ಪೂಜಿಗೂ ಇದ ಅಳತಿ ಅಕ್ಕೋರ. ಮಕ್ಕಳಿಗೆ ಬೇಕಾದದ್ದು ಪರೀಕ್ಷಾ ಅಂಜಿಕೆ ಹೋಗೂದು, ಗುರುಗಳ ಕೈಯಿಂದ ಪೆನ್ನು ತೊಗೊಳ್ಳೂದು. ಬೀಳ್ಕೊಡುಗೆ ಸಭೆ ಮಾಡಿ ಪೆನ್ನು, ಸಿಹಿ ಕೊಡ್ರಿ.

ಠರಾವು ಹಿಂಗ ಇರ್ಲಿ: "ಶಾಲಾ ಕೋಣೆಗಳಲ್ಲಿ ಮೂರ್ತಿ ಪ್ರತಿಷ್ಠಾಪನೆ ಮಾಡುವುದಿಲ್ಲ. ಹಬ್ಬದ ಹೆಸರಿನಲ್ಲಿ ಮಕ್ಕಳಿಂದ ಹಣ ಸಂಗ್ರಹಿಸುವುದಿಲ್ಲ, ಶಾಲಾ ಅನುದಾನ ಬಳಸುವುದಿಲ್ಲ. ಎಲ್ಲ ಮಕ್ಕಳಿಗಾಗಿ ಮಣ್ಣಿನ ಕಲೆ ಮತ್ತು ಹಬ್ಬಗಳ ಪರಿಚಯ ತರಗತಿ ನಡೆಸಲಾಗುವುದು. ಎಂದಿನಂತೆ ಪಾಠ ಮತ್ತು ಬಿಸಿಯೂಟ ಇರುತ್ತದೆ." ಯಾರ ಹೆಸರೂ, ಯಾವ ಧರ್ಮದ ಹೆಸರೂ ಅದರಾಗ ಬರಬಾರ್ದು. ಹಾಜರಿದ್ದ ಸದಸ್ಯರೆಲ್ಲರ ಸಹಿ ಅವತ್ತೇ ಮಾಡಸ್ರಿ, ಒಂದು ಪ್ರತಿ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೈಯಾಗ ಕೊಟ್ಟು ಸ್ವೀಕೃತಿ ತೊಗೋರಿ. ಮಂಟಪದ ಅಡ್ವಾನ್ಸ್ ಕೊಡೂಕಿಂತ ಮೊದಲ ಸಭೆ ಆಗಬೇಕು. ರೊಕ್ಕ ಕೈಬಿಟ್ಟ ಮ್ಯಾಲೆ ಯಾರೂ ಹಿಂದ ಸರಿಯೂದಿಲ್ಲ.