ಹೊಸ ನೀರು ಬಂದಮೇಲೆ ಫಿಲ್ಟರ್ ಕಟ್ಟಿಕೊಳ್ತದ: ಲ್ಯಾಬ್ ಮೇಡಂಗೆ ಕೇಳಿ

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ, ಬಳ್ಳಾರಿ): ನಮಸ್ಕಾರ ಮೇಡಂ. ತುಂಗಭದ್ರಾ ಕಾಲುವೆ ನೀರಿನಲ್ಲಿ ಕೋಲಿಫಾರ್ಮ್ (ನೀರು ಕೆಟ್ಟಿದೆಯಾ ಅಂತ ತೋರಿಸೋ ಬ್ಯಾಕ್ಟೀರಿಯಾ) ಎಣಿಸೋದು ನನ್ನ ಪ್ರಾಜೆಕ್ಟ್. ಫೆಬ್ರವರಿಯಲ್ಲಿ 100 ಎಂ.ಎಲ್. ನೀರು 0.45 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ತೂತಿನ ಮೆಂಬ್ರೇನ್ ಫಿಲ್ಟರ್‌ನಲ್ಲಿ ಸರಾಗ ಇಳೀತಿತ್ತು. ಈಗ ಡ್ಯಾಂಗೆ ಹೊಸ ನೀರು ಬಂದು ಕೆಂಪಗಾಗಿದೆ. 30 ಎಂ.ಎಲ್. ಇಳಿಯೋದ್ರಾಗೆ ಕಟ್ಟಿಕೊಂಡು ನಿಲ್ತದ. ಮೊದಲು ಮಾಮೂಲಿ ಫಿಲ್ಟರ್ ಪೇಪರ್‌ನಲ್ಲಿ ಸೋಸಿ ಆಮೇಲೆ ಹಾಕಬಹುದಾ?

ಉತ್ತರ: ಬೇಡ ತಂಗಿ, ಅದೊಂದು ಮಾತ್ರ ಮಾಡಬೇಡ. ಕೆಂಪು ನೀರಿನಲ್ಲಿ ಬ್ಯಾಕ್ಟೀರಿಯಾ ಬಿಡಿಬಿಡಿಯಾಗಿ ತೇಲೋದು ಕಡಿಮೆ, ಮಣ್ಣಿನ ಕಣಕ್ಕೆ ಅಂಟಿಕೊಂಡೇ ಬರ್ತವೆ. ಪೇಪರ್‌ನಲ್ಲಿ ಮಣ್ಣು ಉಳಿದರೆ ಅವೂ ಅಲ್ಲೇ ಉಳೀತವೆ. ನಿನ್ನ ಲೆಕ್ಕ ಕಡಿಮೆ ಬರ್ತದೆ, ಕೆಟ್ಟ ನೀರು ಒಳ್ಳೆಯದು ಅನ್ನಿಸಿಕೊಳ್ತದೆ.

ಮನೇಲಿ ಜರಡಿ ಹಿಡಿಯೋದನ್ನು ನೆನಪು ಮಾಡಿಕೋ. ಜೋಳದ ಹಿಟ್ಟಿಗಾದರೆ ಕೆಳಗೆ ಬಿದ್ದದ್ದು ಬೇಕು, ರವೆಗಾದರೆ ಮೇಲೆ ಉಳಿದದ್ದು ಬೇಕು. ಮೆಂಬ್ರೇನ್ ಕೆಲಸವೂ ಹಾಗೇ. ನೀನು ಎಣಿಸೋಕೆ ಹೊರಟಿರೋದು ಮೇಲೆ ಉಳಿದದ್ದನ್ನು. ಹಾಗಿರುವಾಗ ಮುಂಚೆಯೇ ಇನ್ನೊಂದು ಜರಡಿ ಹಿಡಿಯೋ ಹಾಗಿಲ್ಲ.

ಈಗ ನಾನೊಂದು ಕೇಳ್ತೀನಿ. ಕಾಲುವೆ ನೀರಿಗೆ 100 ಎಂ.ಎಲ್. ಯಾಕೆ ಹಾಕ್ತಿದ್ದಿ? ಫೆಬ್ರವರಿ ಪ್ಲೇಟ್‌ಗಳಲ್ಲಿ ಕಾಲನಿ (ಬ್ಯಾಕ್ಟೀರಿಯಾ ಬೆಳೆದ ಚುಕ್ಕೆ) ಬಿಡಿಬಿಡಿಯಾಗಿ ಬಂದಿದ್ವಾ?

ವಿದ್ಯಾರ್ಥಿನಿ: ಇಲ್ಲ ಮೇಡಂ, ಒಂದರ ಮೇಲೊಂದು ಬೆಳೆದು ಎಣಿಸೋಕೇ ಆಗಲಿಲ್ಲ. ಸ್ಟ್ಯಾಂಡರ್ಡ್‌ನಲ್ಲಿ 100 ಎಂ.ಎಲ್. ಅಂತ ಇತ್ತು, ಅದಕ್ಕೇ ಹಾಕಿದೆ.

ಉತ್ತರ: ಅಲ್ಲೇ ತಪ್ಪಿರೋದು. ಆ 100 ಎಂ.ಎಲ್. ಕುಡಿಯುವ ನೀರಿನದು. ಐ.ಎಸ್. 10500 (ಕುಡಿಯುವ ನೀರಿನ ಭಾರತೀಯ ಮಾನದಂಡ) ಪ್ರಕಾರ ಕುಡಿಯುವ ನೀರಿನ 100 ಎಂ.ಎಲ್.ನಲ್ಲಿ ಇ. ಕೋಲೈ (ಮಲದಿಂದ ಬರುವ ಬ್ಯಾಕ್ಟೀರಿಯಾ) ಒಂದೂ ಸಿಗಬಾರದು, ಅದಕ್ಕೇ ಅಷ್ಟೂ ನೀರನ್ನು ಸೋಸಬೇಕು. ಕಾಲುವೆಗೆ 10, 1, 0.1 ಎಂ.ಎಲ್. ಹೀಗೆ ಮೂರು ಅಳತೆ ಹಾಕು. 10 ಎಂ.ಎಲ್.ಗಿಂತ ಕಡಿಮೆ ಇದ್ದರೆ ಫನೆಲ್‌ಗೆ ಮೊದಲು ಸ್ವಲ್ಪ ಸ್ಟೆರೈಲ್ ಬಫರ್ ಹಾಕಿ ಅದರಲ್ಲಿ ಕಲಸು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಎಲ್ಲಾ ಒಂದೇ ಮೂಲೆಗೆ ಕೂತುಬಿಡ್ತವೆ. ಎಂ-ಎಂಡೋ (ಕೋಲಿಫಾರ್ಮ್ ಬೆಳೆಸುವ ಅಗರ್) ಮೇಲೆ 35 ಡಿಗ್ರಿಯಲ್ಲಿ 24 ಗಂಟೆ ಇಟ್ಟಮೇಲೆ ಲೋಹದ ಹೊಳಪಿನ ಕಾಲನಿ 20ರಿಂದ 80ರ ಒಳಗೆ ಬಂದ ಫಿಲ್ಟರನ್ನೇ ಲೆಕ್ಕಕ್ಕೆ ತಗೋ. 10 ಎಂ.ಎಲ್.ಗೆ 42 ಬಂದರೆ 100ಕ್ಕೆ 420, ಅಷ್ಟೇ ಲೆಕ್ಕ.

ಅಷ್ಟು ಮಾಡಿಯೂ ಕೆಸರು ಕಾಲನಿಗಳನ್ನು ಮುಚ್ಚಿದರೆ ಮೆಂಬ್ರೇನ್ ಹಟ ಬಿಟ್ಟು ಎಂ.ಪಿ.ಎನ್. (ಎಷ್ಟು ಟ್ಯೂಬ್‌ಗಳಲ್ಲಿ ಬ್ಯಾಕ್ಟೀರಿಯಾ ಬೆಳೆದವು ಅನ್ನೋದರಿಂದ ಸಂಖ್ಯೆ ಅಂದಾಜಿಸುವ) ಟ್ಯೂಬ್ ವಿಧಾನಕ್ಕೆ ಹೋಗು. ಮಳೆಗಾಲದ ನೀರಿಗೆ ನಾವೂ ಅದನ್ನೇ ನೆಚ್ಚಿಕೊಳ್ತೀವಿ. ಫೆಬ್ರವರಿಯ ಎಣಿಸಲಾಗದ ಪ್ಲೇಟ್‌ಗಳನ್ನು ಎಣಿಸಲಾಗಲಿಲ್ಲ ಅಂತಲೇ ಬರಿ, ಅಂದಾಜು ಸಂಖ್ಯೆ ತುಂಬಬೇಡ.

ಪ್ರಶ್ನೆ (ಸಂಶೋಧನಾ ಸಹಾಯಕ, ರಾಯಚೂರು): ಮೇಡಂ, ಸೀರಂ ಹಾಕಿದ ಸೆಲ್ ಕಲ್ಚರ್ ಮೀಡಿಯಂ (ಜೀವಕೋಶ ಬೆಳೆಸುವ ಪೋಷಕ ದ್ರವ) ಸೋಸಬೇಕು. ಡ್ರಾಯರ್‌ನಲ್ಲಿ ನೈಲಾನ್, ಪಿ.ಇ.ಎಸ್., ಪಿ.ಟಿ.ಎಫ್.ಇ. ಅಂತ ಮೂರು ಬಗೆ ಪ್ಲಾಸ್ಟಿಕ್ಕಿನ ಫಿಲ್ಟರ್, ಮೂರೂ 0.22 ಮೈಕ್ರಾನಿನವೇ ಇವೆ. ಯಾವುದಾದರೂ ನಡೀತದಾ?

ಉತ್ತರ: ಪಿ.ಇ.ಎಸ್. ತಗೊಳ್ಳಿ. ತೂತಿನ ಅಳತೆ ಒಂದೇ ಆದರೂ ಗುಣ ಒಂದೇ ಅಲ್ಲ. ನೈಲಾನ್ ಪ್ರೋಟೀನನ್ನು ಹಿಡಿದಿಟ್ಟುಕೊಳ್ತದೆ, ಪಿ.ಇ.ಎಸ್. ಹಿಡಿಯೋದು ತೀರಾ ಕಡಿಮೆ. ಮಾಮೂಲಿ ಪಿ.ಟಿ.ಎಫ್.ಇ.ಗೆ ನೀರೆಂದರೆ ಆಗದು, ಸಿರಿಂಜ್ ಎಷ್ಟು ಒತ್ತಿದರೂ ಹನಿ ಇಳಿಯಲ್ಲ. ಅದನ್ನು ಸಾಲ್ವೆಂಟ್‌ಗೆ, ಗಾಳಿ ಹೋಗಿಬರುವ ವೆಂಟ್‌ಗೆ ಇಟ್ಟುಕೊಳ್ಳಿ. ಸೀರಂ ಇರುವುದನ್ನು ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೊಕ್ಲೇವ್‌ಗೆ ಮಾತ್ರ ಇಡಬೇಡಿ, 121 ಡಿಗ್ರಿಗೆ ಬೇಯಿಸಿದ ಮೊಟ್ಟೆಯ ಹಾಗೆ ಗಟ್ಟಿಯಾಗ್ತದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ತೀರಾ ತೆಳು ಪ್ರೋಟೀನ್ ದ್ರಾವಣವನ್ನು ನಾನು ನೈಲಾನ್‌ನಲ್ಲಿ ಸೋಸಿದ್ದೆ. ರೀಡಿಂಗ್ ಕಡಿಮೆ ಬಂತು. ಕಿಟ್ ಸರಿಯಿಲ್ಲ ಅಂತ ಎರಡು ದಿನ ಅದನ್ನೇ ಮತ್ತೆ ಮತ್ತೆ ಓಡಿಸಿದೆ. ಕೊನೆಗೆ ಸೋಸದ ಸ್ಯಾಂಪಲ್ ಪಕ್ಕಕ್ಕಿಟ್ಟು ನೋಡಿದಾಗಲೇ ಗೊತ್ತಾಯ್ತು, ಪ್ರೋಟೀನ್ ಫಿಲ್ಟರ್‌ನಲ್ಲೇ ಕೂತಿತ್ತು. ಅಂದಿನಿಂದ ಹೊಸ ಫಿಲ್ಟರ್ ಬಂದರೆ ಸೋಸಿದ್ದು, ಸೋಸದ್ದು ಎರಡನ್ನೂ ಒಮ್ಮೆ ಅಳೆದೇ ಮುಂದಿನ ಕೆಲಸ. ಇದೇ ಅಂಟುಗುಣ ಇನ್ನೊಂದು ಕಡೆ ವರ: ಡೆಂಗಿ, ಮಲೇರಿಯಾ ಕಾರ್ಡ್‌ಗಳ ಒಳಗಿನ ಬಿಳಿ ಪಟ್ಟಿ ನೈಟ್ರೋಸೆಲ್ಯುಲೋಸ್ ಮೆಂಬ್ರೇನೇ. ಅದು ಪ್ರತಿಕಾಯಗಳನ್ನು ಬಿಗಿಯಾಗಿ ಹಿಡಿದುಕೊಳ್ಳೋದರಿಂದಲೇ ಗೆರೆ ಮೂಡ್ತದೆ.

ಇನ್ನೊಂದು ಮಾತು. ಕಲ್ಚರ್ ಕೆಡಿಸುವ ಪುಟ್ಟ ಬ್ಯಾಕ್ಟೀರಿಯಾ ಮೈಕೋಪ್ಲಾಸ್ಮಾಗೆ ಜೀವಕೋಶದ ಗೋಡೆ ಇಲ್ಲ, 0.22ರ ತೂತಿನಲ್ಲೂ ನುಸುಳಬಲ್ಲದು. ಆ ಭಯ ಇದ್ದರೆ 0.1 ಮೈಕ್ರಾನ್ ಬಳಸಿ, ಕಲ್ಚರನ್ನು ಆಗಾಗ ಟೆಸ್ಟ್ ಮಾಡಿಸಿ.

ಪ್ರಶ್ನೆ (ಹೈಸ್ಕೂಲ್ ಮೇಷ್ಟ್ರು, ಕೊಪ್ಪಳ ಜಿಲ್ಲೆ): ಮೇಡಂರೀ, ನಮ್ಮೂರ ಬೋರ್‌ವೆಲ್ ನೀರಾಗ ಫ್ಲೋರೈಡ್ ಐತಿ ಅಂತ ರಿಪೋರ್ಟ್ ಬಂದೈತಿ. ಶಾಲೆಗೆ ಈ 0.22 ಫಿಲ್ಟರ್ ಹಾಕಿಸಿದ್ರ ಸಾಕೇನ್ರಿ?

ಉತ್ತರ: ಸಾಲದು ಸರ್, ದಯವಿಟ್ಟು ಅದಕ್ಕೆ ದುಡ್ಡು ಹಾಕಬೇಡಿ. ಫ್ಲೋರೈಡ್ ನೀರಿನಲ್ಲಿ ಕರಗಿರುವ ಅಯಾನು, ಆ ತೂತಿಗಿಂತ ನೂರಾರು ಪಟ್ಟು ಚಿಕ್ಕದು. ಉಪ್ಪುನೀರನ್ನು ಬಟ್ಟೆಯಲ್ಲಿ ಸೋಸಿದರೆ ಉಪ್ಪು ಹೋಗ್ತದಾ? ಕುದಿಸಿದರೂ ಹೋಗಲ್ಲ, ನೀರು ಆವಿಯಾದಷ್ಟೂ ಫ್ಲೋರೈಡ್ ದಟ್ಟವಾಗ್ತದೆ. ಅದಕ್ಕೆ ಆರ್.ಓ. ಮೆಂಬ್ರೇನ್ ಇರುವ ಶುದ್ಧ ನೀರಿನ ಘಟಕ ಬೇಕು, ಇಲ್ಲವೇ ಫ್ಲೋರೈಡ್ ಹೀರಿಕೊಳ್ಳುವ ಆಕ್ಟಿವೇಟೆಡ್ ಅಲ್ಯುಮಿನಾ. ಲೀಟರ್‌ಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರ ತನಕ. ಆರ್.ಓ. ಘಟಕದಿಂದ ಹೊರಬೀಳುವ ನೀರಿನಲ್ಲಿ ಫ್ಲೋರೈಡ್ ಇನ್ನೂ ಹೆಚ್ಚಿರ್ತದೆ. ಅದನ್ನು ಬಿಸಿಯೂಟದ ಅಡುಗೆಗೆ ಬಳಸದಂತೆ ನೋಡಿಕೊಳ್ಳಿ.

0.22 ವೈರಸ್ಸನ್ನೂ ತಡೆಯಲ್ಲ ಸರ್. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಸುಮಾರು 30 ನ್ಯಾನೋಮೀಟರ್, 0.22 ಮೈಕ್ರಾನಿನ ತೂತು ಅಂದರೆ 220 ನ್ಯಾನೋಮೀಟರ್. ವೈರಸ್ ಅನ್ನೋದೊಂದಿದೆ ಅಂತ ಗೊತ್ತಾಗಿದ್ದೇ ಹೀಗೆ: 1892ರಲ್ಲಿ ಇವಾನೋವ್‌ಸ್ಕಿ ರೋಗ ಹತ್ತಿದ ತಂಬಾಕಿನ ಎಲೆಯ ರಸವನ್ನು ಪಿಂಗಾಣಿ ಫಿಲ್ಟರ್‌ನಲ್ಲಿ ಸೋಸಿದರೂ ಆ ರಸ ರೋಗ ಹರಡ್ತಾನೇ ಇತ್ತು.

ವಿದ್ಯಾರ್ಥಿನಿ (ಮೂರು ದಿನದ ನಂತರ): ಮೇಡಂ, 1 ಎಂ.ಎಲ್. ಹಾಕಿದ್ದರಲ್ಲಿ 37 ಕಾಲನಿ ಬಿಡಿಬಿಡಿಯಾಗಿ ಬಂದವು! ಆದರೆ ಒಂದು ಕಡೆ ರೂಪಾಯಿ ನಾಣ್ಯದ ಅರ್ಧದಷ್ಟು ಜಾಗ ಬೋಳಾಗಿದೆ, ಒಂದೂ ಬೆಳೆದಿಲ್ಲ.

ಉತ್ತರ: ಕೆಳಗೆ ಗಾಳಿಗುಳ್ಳೆ ಉಳಿದಿರಬೇಕು ತಂಗಿ. ಅಗರ್‌ನ ಪೋಷಕಾಂಶ ಫಿಲ್ಟರಿನ ತೂತುಗಳ ಮೂಲಕ ಮೇಲೇರಿ ಬ್ಯಾಕ್ಟೀರಿಯಾಕ್ಕೆ ಸಿಗಬೇಕು. ಗಾಳಿ ಇದ್ದ ಕಡೆ ಅವು ಉಪವಾಸ ಬೀಳ್ತವೆ. ಆ 37 ನಿಜಕ್ಕಿಂತ ಕಡಿಮೆ ಇರಬಹುದು, ಬಿಟ್ಟು ಇನ್ನೊಂದು ಹಾಕು. ಫಿಲ್ಟರನ್ನು ಮೇಲಿಂದ ಇಳಿಬಿಡಬೇಡ. ಫೋರ್ಸೆಪ್ಸ್‌ನಲ್ಲಿ ಅಂಚು ಹಿಡಿದು, ಒಂದು ಬದಿಯಿಂದ ಚಾಪೆ ಹಾಸೋ ಹಾಗೆ ನಿಧಾನಕ್ಕೆ ಹಾಸುತ್ತಾ ಹೋಗು.