ಶಲ್ಕ ಕೀಟ: ಎರಡು ಬಗೆಗೆ ಎರಡು ಹೆಸರು ಬೇಕಲ್ವಾ?

ಎಲ್ಲರಿಗೂ ನಮಸ್ಕಾರ.

ಕಿತ್ತಳೆ, ನಿಂಬೆ ಬೆಳೆಯುವವರಿಗಾಗಿ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ಗಿಡಕ್ಕೆ ಅಂಟಿಕೊಂಡು ರಸ ಹೀರುವ ಪುಟ್ಟ ಹುಳು ‘ಸ್ಕೇಲ್ ಇನ್ಸೆಕ್ಟ್’ ಹತ್ತಿರ ಬಂದು ಕೈ ನಿಂತಿದೆ. ಕೃಷಿ ಪುಸ್ತಕಗಳಲ್ಲಿ ಇದಕ್ಕೆ ‘ಶಲ್ಕ ಕೀಟ’ ಎಂದಿರುತ್ತದೆ. ಶಲ್ಕ ಅಂದರೆ ಮೀನಿನ ಮೈಮೇಲಿನ ಹುರುಪೆ. ಅರ್ಥವೇನೋ ಸರಿ, ಆದರೆ ತೋಟದಲ್ಲಿ ನಿಂತು ಆಡುವ ಮಾತಲ್ಲ. ಅದಕ್ಕಿಂತ ದೊಡ್ಡ ತೊಡಕು ಅಂದರೆ, ಈ ಹೆಸರಿನಡಿ ತೀರಾ ಬೇರೆ ಬೇರೆ ಗುಣದ ಹುಳುಗಳು ಬರುತ್ತವೆ.

ಒಂದರ ಮೈಮೇಲೆ ಗಟ್ಟಿ ಮುಚ್ಚಳ. ಉಗುರಿನಿಂದ ಮೆಲ್ಲಗೆ ಎಬ್ಬಿಸಿದರೆ ಸಾಮಾನ್ಯವಾಗಿ ಮುಚ್ಚಳ ಮಾತ್ರ ಕಳಚುತ್ತದೆ, ಹುಳು ಅಲ್ಲೇ ಉಳಿಯುತ್ತದೆ. ಹಣ್ಣಿನ ಸಿಪ್ಪೆಗೆ ಕೆಂಪು ಚುಕ್ಕಿಯಾಗಿ ಅಂಟಿಕೊಳ್ಳುವ ‘ರೆಡ್ ಸ್ಕೇಲ್’ ಈ ಬಗೆಯದು. ಇನ್ನೊಂದು ಮೆತ್ತನೆಯದು. ಅದರ ಚಿಪ್ಪು ಮೈಗೇ ಸೇರಿದ್ದು, ಬಿಡಿಸಲು ಬರುವುದಿಲ್ಲ. ಇದು ಸಿಹಿ ಅಂಟು ಸುರಿಸುತ್ತದೆ. ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆಗೆಲ್ಲ ಮಸಿ ಬಳಿದಂತಾಗುತ್ತದೆ. ಅಂಟಿನ ಆಸೆಗೆ ಇರುವೆ ಬರುತ್ತವೆ. ಬಂದು ಸುಮ್ನೆ ಇರುವುದಿಲ್ಲ, ಈ ಹುಳುವನ್ನು ತಿನ್ನಲು ಬರುವ ಗುಲಗಂಜಿ ಹುಳುಗಳನ್ನು ಓಡಿಸುತ್ತವೆ. ಹಾಗಾಗಿ ಇಲ್ಲಿ ಮೊದಲ ಕೆಲಸ ಇರುವೆ ತಡೆಯುವುದು: ಕಾಂಡಕ್ಕೆ ಅಂಟುಪಟ್ಟಿ ಸುತ್ತಿ, ನೆಲ ಮುಟ್ಟುವ ಕೊಂಬೆ ಕತ್ತರಿಸಬೇಕು. ಗಟ್ಟಿ ಮುಚ್ಚಳದ್ದು ಸಿಹಿ ಅಂಟು ಸುರಿಸುವುದೇ ಇಲ್ಲ. ಇರುವೆ ಕಾಣಲಿಲ್ಲ, ಹುಳು ಇರಲಾರದು ಅಂದುಕೊಂಡರೆ ಕೆಟ್ಟೆವು.

ಕೊಡಗಿನಲ್ಲಿ ಕಾಫಿ ನಡುವೆಯೇ ಕಿತ್ತಳೆ ಇರುತ್ತದೆ. ಕಾಫಿಯವರು ‘ಗ್ರೀನ್ ಬಗ್’ ಅನ್ನುವುದು ಇದೇ ಮೆತ್ತನೆ ಗುಂಪಿನದು, ಕಿತ್ತಳೆ ನಿಂಬೆಗೂ ಹತ್ತುತ್ತದೆ. ‘ಹಸಿರು ತಿಗಣೆ’ ಎಂದು ಬರೆಯೋಣವೆಂದರೆ, ಕೆಟ್ಟ ವಾಸನೆ ಬಿಡುವ ಇನ್ನೊಂದು ಹಸಿರು ತಿಗಣೆ ನೆನಪಾಗುತ್ತದೆ. ಮೈಮೇಲೆ ಬಿಳಿ ಹಿಟ್ಟು ಮೆತ್ತಿದಂತಿರುವ ‘ಮೀಲಿಬಗ್’ಗೆ ‘ಹಿಟ್ಟು ತಿಗಣೆ’ ಎಂಬ ಹೆಸರು ಎಷ್ಟು ಚೆನ್ನಾಗಿದೆ ನೋಡಿ, ಕಂಡ ಕೂಡಲೇ ಗುರುತು ಸಿಗುತ್ತದೆ. ಆದರೆ ಅದು ಮತ್ತೊಂದು ಹುಳು.

ಸದ್ಯಕ್ಕೆ ನಾನು ‘ಚಿಪ್ಪುಹುಳು’ ಎಂದು ಬರೆದು, ಗಟ್ಟಿಚಿಪ್ಪಿನದು, ಮೆತ್ತನೆ ಚಿಪ್ಪಿನದು ಎಂದು ಬಿಡಿಸಿದ್ದೇನೆ. ಬಸವನಹುಳು ಅಂದುಕೊಳ್ಳುವ ಅಪಾಯ ಇದ್ದೇ ಇದೆ. ಅರಗು ಕೊಡುವ ಹುಳುವೂ ಇದರ ನೆಂಟನೇ. ಅದಕ್ಕೆ ‘ಅರಗಿನ ಹುಳು’ ಎಂಬ ಸಲೀಸಾದ ಹೆಸರು ಆಗಲೇ ಇದೆ, ಇದಕ್ಕೂ ಅಂಥದ್ದೇ ಬೇಕು.

ಇನ್ನೊಂದು ಪದವೂ ಬೇಕಿದೆ. ಆಗಷ್ಟೇ ಹುಟ್ಟಿದ ಮರಿ ಚಿಪ್ಪು ಕಟ್ಟುವ ಮೊದಲು ಸ್ವಲ್ಪ ಕಾಲ ಓಡಾಡುತ್ತದೆ. ಇಂಗ್ಲಿಷಿನ ‘ಕ್ರಾಲರ್’ ಇದೇ. ಎಣ್ಣೆಯ ಸಿಂಪಡಣೆ ಚೆನ್ನಾಗಿ ನಾಟುವುದು ಈ ಹಂತದಲ್ಲಿ, ಆದ್ದರಿಂದ ರೈತರಿಗೆ ಇದರ ಹೆಸರು ಗೊತ್ತಿರಲೇಬೇಕು. ‘ಮರಿಹುಳು’ ಅಂದರೆ ಎಲೆ ತಿನ್ನುವ ಹುಳು ಅಂದುಕೊಳ್ಳುತ್ತಾರೆ. ‘ನಡೆಮರಿ’ ಆದೀತೇ?

ಇಂಡಿ ಕಡೆಯ ನಿಂಬೆಯವರು ಏನನ್ನುತ್ತಾರೆ? ಕೊಂಬೆಗೆ ‘ಹುರುಪೆ ಹತ್ತಿದೆ’ ಅನ್ನುವ ಮಾತು ನಿಮ್ಮ ಕಡೆ ಇದ್ದರೆ, ಅದನ್ನು ಈ ಹುಳುವಿಗೇ ಹೇಳುತ್ತಾರೋ ಬೇರೆ ರೋಗಕ್ಕೋ ತಿಳಿಸಿ.